ಹಿಂದಕ್ಕೆ ಓಡುವ ಸೊಸೆ

ನಾನು ಫುಟ್ಬಾಲ್ ತಂಡಕ್ಕೆ ಆಯ್ಕೆಯಾದದ್ದು ರಜೆ ಹಾಕಿದ್ದರಿಂದ. ಚಿಕ್ಕಪ್ಪನ ಮಗಳ ಸೀಮಂತಕ್ಕೆಂದು ಅರಸೀಕೆರೆಗೆ ಹೋಗಿದ್ದ ದಿನವೇ ಹಳೇಬೀಡಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಸರ್ಕಾರಿ ನೌಕರರ ಕ್ರೀಡಾಕೂಟದ ಮಾತು ಬಂದಿತ್ತು. ಆ ಸಲ ಹೆಂಗಸರಿಗೂ ಫುಟ್ಬಾಲ್ ಸೇರಿಸಿದ್ದರು. ತಾಲ್ಲೂಕಿಗೊಂದು ತಂಡ ಆಗಬೇಕು, ನಮ್ಮ ಶಾಲೆಯಿಂದ ಒಬ್ಬರಾದರೂ ಹೋಗಬೇಕು. ಅಂದು ಹಾಜರಿದ್ದವರಲ್ಲಿ ಒಬ್ಬರಿಗೆ ಬೆನ್ನುನೋವಿತ್ತು, ಇನ್ನೊಬ್ಬರಿಗೆ ಮಗಳ ಪರೀಕ್ಷೆಯಿತ್ತು, ಮತ್ತೊಬ್ಬರು ಏನೂ ಕೇಳಿಸದವರಂತೆ ಕಿಟಕಿಯಾಚೆ ನೋಡುತ್ತಿದ್ದರಂತೆ. ಊರಲ್ಲೇ ಇಲ್ಲದ ನನಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ.

ಮಾರನೆಯ ದಿನ ಪಿ.ಟಿ. ಮೇಷ್ಟ್ರು ಅಭಿನಂದನೆ ಹೇಳಿದಾಗ ನಾನು ಸೀಮಂತದ ವಿಷಯವೆಂದುಕೊಂಡೆ. ವಿಷಯ ತಿಳಿದ ಮೇಲೆ ಕೈ ಮುಗಿದೆ.

“ಮೇಷ್ಟ್ರೇ, ನಾನು ಕನ್ನಡ ಪಾಠ ಮಾಡೋಳು. ವಯಸ್ಸು ನಲವತ್ತರ ಹತ್ರ ಬಂತು. ಜನ್ಮದಲ್ಲಿ ಬಾಲನ್ನ ಕೈಯಲ್ಲಿ ಮುಟ್ಟಿದೋಳಲ್ಲ.”

“ಕೈಯಲ್ಲಿ ಮುಟ್ಟಂಗೇ ಇಲ್ಲ ಮೇಡಂ ಈ ಆಟದಲ್ಲಿ. ಅರ್ಧ ಆಟ ನಿಮಗೆ ಆಗ್ಲೇ ಬಂದಂಗಾಯ್ತು,” ಎಂದರು.

ಮೇಷ್ಟ್ರಿಗೆ ನಿವೃತ್ತಿ ಹತ್ತಿರವಾಗಿತ್ತು. ಬಲಮಂಡಿಗೆ ಸದಾ ಒಂದು ಪಟ್ಟಿ. ಕಾಲೇಜಿನ ದಿನಗಳಲ್ಲಿ ದೊಡ್ಡ ಆಟಗಾರರಾಗಿದ್ದೆ ಎಂದು ಅವರೇ ಹೇಳುತ್ತಿದ್ದರು, ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ನಮ್ಮ ಬೇಲೂರು ತಾಲ್ಲೂಕು ತಂಡದ ತರಬೇತಿಯನ್ನು ಅವರ ತಲೆಗೆ ಕಟ್ಟಿದ್ದರು. ಅವರು ಅದನ್ನು ಕಿರೀಟದ ಹಾಗೆ ಧರಿಸಿಕೊಂಡರು.

ಭಾನುವಾರ ಬೇಲೂರಿನ ಕಾಲೇಜು ಮೈದಾನದಲ್ಲಿ ಮೊದಲ ಸಲ ಸೇರಿದೆವು. ಚೂಡಿದಾರಕ್ಕೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದವರೇ ಹೆಚ್ಚು. ಒಬ್ಬರು ಸ್ವೆಟರಿನಲ್ಲೇ ಬಂದಿದ್ದರು, ಕೊನೆಯವರೆಗೂ ತೆಗೆಯಲಿಲ್ಲ. ಹಳೇಬೀಡಿನ ಆಸ್ಪತ್ರೆಯ ಸಿಸ್ಟರ್ ಒಬ್ಬರು ನನ್ನ ಬಸ್ಸಿನ ಗೆಳತಿ. ಅವರನ್ನು ಕಂಡ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಎಲ್ಲರೂ ಒಟ್ಟಿಗೆ ಮೈದಾನ ಸುತ್ತಬೇಕಾಗಬಹುದು ಎಂದುಕೊಂಡು ನಾವಿಬ್ಬರೂ ಹಿಂದಿನ ಸಾಲಿನಲ್ಲಿ ನಿಂತೆವು, ಮಾತಾಡಿಕೊಂಡು ಓಡಬಹುದಲ್ಲ ಎಂದು.

ಮೇಷ್ಟ್ರು ಸೀಟಿ ಊದಿದರು. “ಎಲ್ರೂ ಒಂದೇ ಥರ ಓಡಕ್ಕೆ ಇದೇನು ಮೆರವಣಿಗೆನಾ? ಫುಟ್ಬಾಲ್‌ನಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಓಟ. ಅಂಚಲ್ಲಿ ಆಡೋರು ಉದ್ದಕ್ಕೆ ಬಾಣದಂಗೆ ಓಡ್ಬೇಕು, ನಡ್ಕೊಂಡು ವಾಪಸ್ ಬರ್ಬೇಕು. ನಡುವೆ ಆಡೋರು ನಿಲ್ಲಂಗೇ ಇಲ್ಲ, ನಿಧಾನಕ್ಕಾದ್ರೂ ಸರಿ ಓಡ್ತಾನೇ ಇರ್ಬೇಕು, ಕತ್ತು ಆ ಕಡೆ ಈ ಕಡೆ ತಿರುಗಿಸ್ತಾ ಇರ್ಬೇಕು. ಮುಂದೆ ಆಡೋರು ಸುಮ್ನೆ ನಿಂತಿದ್ದು ತಟ್ಟನೆ ನಾಲ್ಕು ಹೆಜ್ಜೆ ಹಾರ್ಬೇಕು. ಗೋಲ್‌ಕೀಪರ್ ಬೀಳ್ಬೇಕು, ಏಳ್ಬೇಕು.”

“ಯಾರು ಎಲ್ಲಿ ಆಡೋದು ಅಂತ ಹೆಂಗೆ ಗೊತ್ತಾಗ್ತದೆ ಸಾರ್?” ಎಂದು ಸಿಸ್ಟರ್ ಕೇಳಿದರು.

“ನಂಗೊತ್ತು. ನೀವೆಲ್ಲ ಬಸ್ ಹತ್ತೋದನ್ನ ವರ್ಷಗಟ್ಲೆ ನೋಡಿದೀನಿ.”

ನಮಗೆ ನಗು ಬಂತು, ಆದರೆ ಅವರು ನಗಲಿಲ್ಲ. ಬೇಲೂರಿನ ನೋಂದಣಿ ಕಚೇರಿಯ ಕ್ಲರ್ಕ್ ಒಬ್ಬರಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕಲ್ಲಿನಂತೆ ನಿಂತಿರುತ್ತಾರೆ, ಬಸ್ಸು ಬಂದಕೂಡಲೇ ಯಾರ ಕಂಕುಳಡಿಯಲ್ಲೋ ನುಗ್ಗಿ ಕಿಟಕಿ ಸೀಟಿನಲ್ಲಿ ಕೂತಿರುತ್ತಾರೆ. ಅವರು ಫಾರ್ವರ್ಡ್. ಒಬ್ಬ ಗ್ರಾಮ ಲೆಕ್ಕಿಗರು ಸೀಟು ಸಿಕ್ಕರೂ ಕೂರದೆ ಬಸ್ಸಿನ ತುಂಬ ಓಡಾಡಿ ಎಲ್ಲರನ್ನೂ ಮಾತಾಡಿಸುತ್ತಾರೆ. ಅವರು ನಡುವೆ. ಸಿಸ್ಟರ್ ಬ್ರೇಕ್ ಹಾಕಿದಾಗಲೆಲ್ಲ ಯಾರ ಮೇಲಾದರೂ ಬೀಳುವುದರಿಂದ ಗೋಲ್‌ಕೀಪರ್.

“ನೀವು ಮೇಡಂ,” ಎಂದು ನನ್ನ ಕಡೆ ತಿರುಗಿದರು, “ಫುಟ್‌ಬೋರ್ಡ್ ಹತ್ರ ನಿಂತ್ರೆ ಒಂದು ನರಪಿಳ್ಳೆನೂ ನಿಮ್ಮನ್ನ ದಾಟ್ಕೊಂಡು ಒಳಗೆ ಹೋಗಕ್ಕಾಗಲ್ಲ. ನೀವು ಸ್ಟಾಪರ್.”

ಸ್ಟಾಪರ್ ಎಂದರೆ ಗೋಲಿನ ಮುಂದಿನ ಕೊನೆಯ ಬಾಗಿಲು. ಎದುರಾಳಿ ಚೆಂಡು ತೆಗೆದುಕೊಂಡು ನುಗ್ಗಿ ಬಂದರೆ ಬೆನ್ನು ತೋರಿಸಬಾರದು. ಅವಳ ಮುಖ ನೋಡುತ್ತಲೇ, ಮಂಡಿ ಬಗ್ಗಿಸಿ, ಮುಂಗಾಲಿನ ಮೇಲೆ ಹಿಂದಕ್ಕೆ ಓಡಬೇಕು. ನನ್ನ ಮನೆಪಾಠ ಅದೇ ಎಂದರು ಮೇಷ್ಟ್ರು. ದಿನಾ ಬೆಳಿಗ್ಗೆ ಹಿಂದಕ್ಕೆ ಓಟ. ಹೇಗೆ ಓಡಬೇಕೆಂಬ ವಿಡಿಯೋವನ್ನು ವಾರಕ್ಕೊಂದರಂತೆ ಮೊಬೈಲಿಗೆ ಕಳಿಸುವುದಾಗಿ ಹೇಳಿದರು.

ನಮ್ಮೂರು ಜಾವಗಲ್ಲಿಗೂ ಹಳೇಬೀಡಿಗೂ ನಡುವೆ, ಅರಸೀಕೆರೆ ತಾಲ್ಲೂಕಿನ ಅಂಚಿನಲ್ಲಿದೆ. ನಮ್ಮದು ರಾಗಿ, ತೆಂಗು. ನನ್ನ ಗಂಡ ತೋಟ ನೋಡಿಕೊಳ್ಳುತ್ತಾರೆ. ಮನೆಯಿಂದ ಬಸ್ ನಿಲ್ಲುವ ಜಾಗದವರೆಗಿನ ರಸ್ತೆಗೆ ಒಂದು ಪಕ್ಕ ಕೆರೆ, ಇನ್ನೊಂದು ಪಕ್ಕ ತೋಟಗಳು. ಬೆಳಕು ಹರಿಯುತ್ತಲೇ ನಾನು ಆ ರಸ್ತೆಯಲ್ಲಿ ಹಿಂದುಮುಂದಾಗಿ ಓಡತೊಡಗಿದೆ.

ಊರಿನಲ್ಲಿ ಮೊದಲು ಹುಟ್ಟಿದ ಸುದ್ದಿ ಹರಕೆಯದು. ಟೀಚರಮ್ಮ ವರ್ಗಾವಣೆ ತಪ್ಪಲಿ ಎಂದು ಹರಕೆ ಹೊತ್ತಿದ್ದಾರಂತೆ. ಎರಡನೆಯ ಸುದ್ದಿ ನನ್ನ ತಲೆಯ ಬಗ್ಗೆ. ಮೂರನೆಯದಕ್ಕೆ ಮಾತ್ರ ಬಹಳ ಬಲ ಬಂತು. ಹಿಂದಕ್ಕೆ ನಡೆದರೆ ಮಂಡಿನೋವು ಹೋಗುತ್ತದೆಂದು ದೊಡ್ಡಾಸ್ಪತ್ರೆಯ ಡಾಕ್ಟರೇ ನನಗೆ ಹೇಳಿದ್ದಾರಂತೆ! ಒಂದು ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯ ಇಬ್ಬರು ಅಜ್ಜಿಯರು ಗೋಡೆ ಹಿಡಿದುಕೊಂಡು ಹಿಂದಕ್ಕೆ ನಡೆಯುತ್ತಿದ್ದರು. ಹಳೇಬೀಡಿನ ಆಸ್ಪತ್ರೆಗೂ ಯಾರೋ ಹೋಗಿ ವಿಚಾರಿಸಿದರಂತೆ. ನಮ್ಮ ಸಿಸ್ಟರ್ ಫೋನ್ ಮಾಡಿ, “ಮೇಡಂ, ನಿಮ್ಮೂರೋರಿಗೆ ಏನು ಹೇಳಿಟ್ಟಿದೀರಿ? ಇಲ್ಲಿ ಬಂದು ಹಿಂದಕ್ಕೆ ನಡೆಯೋದಕ್ಕೆ ಚೀಟಿ ಬರ್ಕೊಡಿ ಅಂತಾರೆ,” ಎಂದು ಕೂಗಾಡಿದರು. ಅವರೂ ಆಗ ನೆಟ್ಟಗಿರಲಿಲ್ಲ. ಬೀಳುವ ಅಭ್ಯಾಸಕ್ಕೆ ಮನೆಯ ಹಿಂದಿನ ಹುಲ್ಲಿನ ಮೆದೆ ಹಿಡಿದಿದ್ದರು. ಮೈಯೆಲ್ಲ ತುರಿಕೆ ಎದ್ದು ತಮಗೆ ತಾವೇ ಇಂಜೆಕ್ಷನ್ ಕೊಟ್ಟುಕೊಂಡಿದ್ದರು.

ಬೆಳಗಿನ ಬಸ್ಸಿನವರಿಗೂ ನಾನು ಬೇಕಾದವಳಾದೆ. ನಾನು ಹಿಂದುಹಿಂದಕ್ಕೆ ಬರುವುದನ್ನು ಕಂಡರೆ ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು, ಬಸ್ಸು ರಿವರ್ಸ್ ತೆಗೆಸುವವನ ಹಾಗೆ ತಗಡು ಬಡಿದು, “ಬರ್ಲಿ, ಬರ್ಲಿ, ಬರ್ಲಿ… ಹೋಲ್ಡಾನ್!” ಎನ್ನುತ್ತಿದ್ದ. ಒಳಗಿದ್ದವರೆಲ್ಲ ಕಿಟಕಿಗೆ ಬರುತ್ತಿದ್ದರು. ಅವರಲ್ಲಿ ನಮ್ಮ ಶಾಲೆಯ ಮಕ್ಕಳೂ ಇರುತ್ತಿದ್ದರು.

ಮನೆಯಲ್ಲಿ ಇದನ್ನು ಸಹಿಸಲಾಗದವರು ನಮ್ಮ ಅತ್ತೆ. “ಊರಲ್ಲಿ ತಲೆ ಎತ್ಕಂಡು ತಿರುಗಂಗಿಲ್ವಲ್ಲಪ್ಪ,” ಎಂದು ಮಗನ ಹತ್ತಿರ ಹೇಳಿದರು, ನನಗೆ ಕೇಳಿಸುವ ಹಾಗೆ. ನಮ್ಮ ನಡುವಿನ ಮಾತೆಲ್ಲ ಹಾಗೆಯೇ. ಅವರು ಒಲೆ ನೋಡಿಕೊಂಡು ಹೇಳುವರು, ನಾನು ಪುಸ್ತಕ ನೋಡಿಕೊಂಡು ಉತ್ತರ ಕೊಡುವೆ. ಜಗಳವೇನೂ ಇರಲಿಲ್ಲ. ಜಗಳವಾಡಲಿಕ್ಕೂ ಎದುರುಬದುರು ನಿಲ್ಲಬೇಕಲ್ಲ.

ಸುಗ್ಗಿ ಶುರುವಾದಾಗ ಕಷ್ಟ ಬಂತು. ನಮ್ಮ ಕಡೆ ಹುರುಳಿ, ರಾಗಿ ತೆನೆಗಳನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ, ವಾಹನಗಳು ಓಡಾಡಿ ಕಾಳು ಬಿಡಿಸಿಕೊಡಲಿ ಎಂದು. ಮುಂದಕ್ಕೆ ಹೋಗುವವರಿಗೆ ಅದು ಕಾಣುತ್ತದೆ, ನನಗೆ ಕಾಣುವುದಾದರೂ ಹೇಗೆ? ಒಂದು ಬೆಳಿಗ್ಗೆ ಕಾಲಿಗೆ ಹುರುಳಿ ಸೊಪ್ಪು ಸುತ್ತಿಕೊಂಡು ಅಂಗಾತ ಬಿದ್ದೆ. ಹುರುಳಿ ಹರಡಿದ್ದ ಯಜಮಾನರು ಓಡಿ ಬಂದರು. ಮೇಲೆತ್ತಲು ಬಂದರೆಂದುಕೊಂಡು ಕೈ ಚಾಚಿದೆ. ಅವರು ನನ್ನ ಬೆನ್ನ ಕೆಳಗಿನ ಸೊಪ್ಪನ್ನು ಕೊಡವಿ ನೋಡಿ, “ಪರ್ವಾಗಿಲ್ಲ ಕಣವ್ವ, ಚೆಂದಾಗಿ ಕಾಳು ಬಿಟ್ಟೈತೆ. ಇನ್ನೊಂದೆರಡು ಸುತ್ತು ಹಂಗೇ ಓಡಾಡು,” ಎಂದರು.

ಮೊಣಕೈ ತರಚಿಕೊಂಡು ಮನೆಗೆ ಬಂದೆ. ಅತ್ತೆ ಅರಿಸಿನ ಹಚ್ಚಿದರು. ಮಾರನೆಯ ಬೆಳಿಗ್ಗೆ ನಾನು ಶೂ ಕಟ್ಟಿಕೊಳ್ಳುವಾಗ ಅವರು ಸೆರಗು ಸೊಂಟಕ್ಕೆ ಸಿಗಿಸಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

“ನೀವೆಲ್ಲಿಗೆ ಅತ್ತೆ?”

“ನಡಿಯಮ್ಮ. ನಿನ್ ಬೆನ್ನಿಗಂತೂ ಕಣ್ಣಿಲ್ಲ. ನಂಗಾದ್ರೂ ಐತೆ.”

ವ್ಯವಸ್ಥೆ ಹೀಗಾಯಿತು. ನಾನು ಹಿಂದಕ್ಕೆ ಓಡುವುದು, ಅತ್ತೆ ನನ್ನ ಮುಖ ನೋಡುತ್ತ ಬಿರುಸಾಗಿ ನಡೆದು ಬರುವುದು, ನನ್ನ ಹಿಂದೆ ಏನಿದೆಯೋ ಅದನ್ನು ಕೂಗಿ ಹೇಳುವುದು. ಮೊದಲ ದಿನವೇ ಅವರು “ಎಡಕ್ಕೆ!” ಎಂದರು, ನಾನು ಎಡಕ್ಕೆ ಹೋಗಿ ಕತ್ತಾಳೆ ಬೇಲಿಗೆ ಬಿದ್ದೆ. ಅವರು ಹೇಳಿದ್ದು ಅವರ ಎಡ. ಆ ಬೇಲಿಯಲ್ಲೇ ನಿಂತು ಒಪ್ಪಂದ ಮಾಡಿಕೊಂಡೆವು. ಇನ್ನು ಎಡಬಲ ಬೇಡ, ಕೆರೆ ಕಡೆ ಅಥವಾ ತೋಟದ ಕಡೆ.

ಮದುವೆಯಾಗಿ ಹದಿನಾಲ್ಕು ವರ್ಷವಾಗಿದ್ದರೂ ನಾವಿಬ್ಬರೂ ಅಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವರ ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆಯಿರುವುದು ನನಗೆ ಗೊತ್ತಾದದ್ದೇ ಆಗ. ಎರಡು ಮೂರು ದಿನ “ಕಲ್ಲು”, “ಗುಂಡಿ”, “ತೋಟದ ಕಡೆ” ಇಷ್ಟೇ ಮಾತು. ಆಮೇಲೆ ಅವರಿಗೆ ಹೊಳೆದಿರಬೇಕು, ಈ ಸೊಸೆ ಈಗ ಎದ್ದು ಹೋಗುವ ಹಾಗಿಲ್ಲ, ಮುಖ ತಿರುಗಿಸುವ ಹಾಗೂ ಇಲ್ಲ ಎಂದು.

“ಯುಗಾದೀಲಿ ಕಾಯಿ ಒಬ್ಬಟ್ಟು ಮಾಡು ಅಂದಿದ್ನಲ್ಲ. ಬ್ಯಾಳೆದು ಯಾಕೆ ಮಾಡ್ದೆ?”

“ಅದು… ಹೋದ ವರ್ಷದ್ದಲ್ವಾ ಅತ್ತೆ?”

“ಹೂಂ, ಹೋದ್ ವರ್ಷದ್ದೇ. ಗುಂಡಿ ಐತೆ, ಕೆರೆ ಕಡೆ ಬಾ. ಯಾಕೆ ಮಾಡ್ದೆ?”

ಹೋದ ವರ್ಷದ್ದು ಮುಗಿದು ಅದರ ಹಿಂದಿನ ವರ್ಷದ್ದು ಬಂತು. ನನ್ನ ತಂಗಿಯ ಮದುವೆಯಲ್ಲಿ ಅವರಿಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದು ಬಂತು. ಏದುಸಿರು ಬಿಡುತ್ತ ಓಡುವವಳು ಸುಳ್ಳು ಹೇಳುವುದು ಬಲು ಕಷ್ಟ, ಉಸಿರು ಸಾಲುವುದಿಲ್ಲ. ನಿಜವನ್ನೇ ಹೇಳಿಕೊಂಡು ಓಡಿದೆ. ಒಂದು ದಿನ ನನಗೂ ಧೈರ್ಯ ಬಂದು ಕೇಳಿಯೇಬಿಟ್ಟೆ.

“ನಾನು ಮಾಡಿಟ್ಟು ಹೋದ ಸಾರಿಗೆ ನೀವು ದಿನಾ ಉಪ್ಪು ಹಾಕ್ತೀರಲ್ಲ ಅತ್ತೆ, ಯಾಕೆ?”

ಅತ್ತೆ ತಟ್ಟನೆ ನಿಂತರು. ನಾನು ಓಡುತ್ತಲೇ ಇದ್ದೆ. ನಡುವೆ ಬಹಳ ದೂರವಾಯಿತು. ಆಮೇಲೆ ಅವರು ಸೀರೆ ಎತ್ತಿ ಹಿಡಿದು ದಾಪುಗಾಲು ಹಾಕಿಕೊಂಡು ಬಂದರು.

“ಕಮ್ಮಿ ಇರ್ತದೆ, ಅದ್ಕೇ ಹಾಕ್ತೀನಿ.”

“ಹೇಳಬಹುದಿತ್ತಲ್ಲ?”

“ಓದ್ದೋಳು, ಬ್ಯಾಸರ ಮಾಡ್ಕತೀಯ ಅಂತ ಸುಮ್ಕಿದ್ದೆ.”

“ಹೇಳದೆ ಹಾಕಿದ್ದಕ್ಕೇ ಬೇಸರ ಆಗಿದ್ದು!”

“ಎಮ್ಮೆ!” ಎಂದರು ಅತ್ತೆ, ಕಣ್ಣು ಅಗಲಿಸಿ.

ನನಗೆ ಸಿಟ್ಟು ನೆತ್ತಿಗೇರಿತು. “ಉಪ್ಪಿನ ಮಾತು ಕೇಳಿದ್ದಕ್ಕೆ ನನ್ನ ಎಮ್ಮೆ ಅಂತೀರಾ? ಇಷ್ಟು ವರ್ಷದಲ್ಲಿ ನಾನು ನಿಮಗೆ ಒಂದು…” ಎನ್ನುವಷ್ಟರಲ್ಲಿ ಬೆನ್ನಿಗೆ ಬೆಚ್ಚಗೆ, ಮೆತ್ತಗೆ ಏನೋ ತಾಗಿತು. ಕೆರೆಗೆ ಹೊರಟಿದ್ದ ಎಮ್ಮೆ. ಅದು ಕದಲಲಿಲ್ಲ. ನಾನೇ ಅದರ ಪಕ್ಕೆಗೆ ಆನಿಕೊಂಡು ಜಾರಿ ಕೂತೆ. ಅತ್ತೆ ರಸ್ತೆಯ ನಡುವೆ ಕುಕ್ಕರಗಾಲಿನಲ್ಲಿ ಕೂತು ನಕ್ಕರು. ಅವರು ಹಾಗೆ ಸದ್ದು ಮಾಡಿ ನಗುವುದನ್ನೂ ನಾನು ಅವತ್ತೇ ಮೊದಲು ಕೇಳಿದ್ದು.

ಮೊದಲ ಪಂದ್ಯ ಅರಸೀಕೆರೆ ತಾಲ್ಲೂಕಿನ ಮೇಲೆ ಎಂದು ಗೊತ್ತಾದಾಗ ಮನೆಯಲ್ಲಿ ಮತ್ತೆ ಬಿಸಿ ಏರಿತು. “ಅರಸೀಕೆರೆ ತಾಲ್ಲೂಕಿನ ಸೊಸೆ, ಬೇಲೂರು ತಾಲ್ಲೂಕಿಗೆ ಆಡ್ತೀಯಾ?” ಎಂದರು ಅತ್ತೆ.

“ಕೆಲಸ ಅಲ್ಲಿ ತಾನೆ ಮಾಡೋದು?”

“ಉಣ್ಣೋದು ಇಲ್ಲಿ ತಾನೆ?”

ಕೊನೆಗೆ ಬರುತ್ತೇನೆ, ಆದರೆ ಚಪ್ಪಾಳೆ ತಟ್ಟುವುದಿಲ್ಲ ಎಂಬ ಷರತ್ತಿನ ಮೇಲೆ ನಮ್ಮ ಜೊತೆ ಬಸ್ಸು ಹತ್ತಿದರು.

ಬೇಲೂರಿನ ಮೈದಾನದಲ್ಲಿ ಅರಸೀಕೆರೆಯವರು ಹಳದಿ ಬನಿಯನ್ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಅವರ ಫಾರ್ವರ್ಡ್ ಅರಣ್ಯ ಇಲಾಖೆಯ ಗಾರ್ಡ್, ಎತ್ತರದ ಹುಡುಗಿ, ದಿನವೆಲ್ಲ ಗುಡ್ಡ ಹತ್ತಿ ಇಳಿಯುವವಳು. ಅವಳು ಜಾಗದಲ್ಲೇ ಕುಣಿಯುತ್ತಿರುವುದನ್ನು ನೋಡಿ ಸಿಸ್ಟರ್, “ನಂಗೆ ಇವತ್ತು ನೈಟ್ ಡ್ಯೂಟಿ ಐತೆ ಅಂತ ಹೇಳಿಬಿಡ್ಲಾ?” ಎಂದು ನನ್ನ ಕಿವಿಯಲ್ಲಿ ಕೇಳಿದರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಆ ಹುಡುಗಿ ಚೆಂಡು ಹಿಡಿದು ಬಂದಳು. ನಾನು ಮಂಡಿ ಬಗ್ಗಿಸಿ, ಅವಳ ಮುಖ ನೋಡುತ್ತ, ಮುಂಗಾಲಿನ ಮೇಲೆ ಹಿಂದಕ್ಕೆ ಓಡಿದೆ. ಅವಳು ಬಂದಳು. ನಾನು ಹೋದೆ. ಇಷ್ಟು ಚೆನ್ನಾಗಿ ನಾನು ಎಂದೂ ಓಡಿರಲಿಲ್ಲ, ಆ ಕ್ಷಣದಲ್ಲಿ ನನಗೆ ಹೆಮ್ಮೆಯೇ ಆಯಿತು. ಹಾಗೇ ಹೋಗಿ ಹೋಗಿ ಸಿಸ್ಟರಿಗೆ ಡಿಕ್ಕಿ ಹೊಡೆದೆ. ಇಬ್ಬರೂ ಗೋಲಿನ ಬಲೆಯೊಳಗೆ ಉರುಳಿದೆವು. ಹುಡುಗಿ ಅವಸರವೇನೂ ಮಾಡದೆ ಚೆಂಡನ್ನು ನಮ್ಮ ಪಕ್ಕಕ್ಕೆ ಮೆಲ್ಲನೆ ಉರುಳಿಸಿ, “ಸಾರಿ ಮೇಡಂ,” ಎಂದಳು.

ಬಿಡುವಿನಲ್ಲಿ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಬಂದರು. “ಹಿಂದಕ್ಕೆ ಓಡಿ ಅಂದ್ರೆ ಗೋಲೊಳಗೇ ಹೋಗೋದಾ ಮೇಡಂ?”

“ಎಲ್ಲಿ ನಿಲ್ಲಬೇಕು ಅಂತ ನೀವು ಹೇಳಲೇ ಇಲ್ವಲ್ಲ ಮೇಷ್ಟ್ರೇ!”

ಅವರು ಮೊಬೈಲ್ ತೆಗೆದು ನೋಡಿದರು. “ಹೌದಲ್ವಾ. ಅದು ಮುಂದಿನ ವಾರದ ವಿಡಿಯೋದಲ್ಲಿತ್ತು.”

ಎರಡನೆಯ ಅರ್ಧದಲ್ಲಿ ಅತ್ತೆ ಜಾಗ ಬದಲಿಸಿದರು. ನನ್ನ ಮುಖ ಕಾಣುವ ಹಾಗೆ ಗೆರೆಯ ಪಕ್ಕದಲ್ಲಿ, ಅರಸೀಕೆರೆಯವರ ನೀರಿನ ಕ್ಯಾನಿನ ಮೇಲೆ ಕೂತರು. ಹುಡುಗಿ ಮತ್ತೆ ಚೆಂಡು ಹಿಡಿದು ಬಂದಳು, ನಾನು ಮತ್ತೆ ಹಿಂದಕ್ಕೆ ಹೊರಟೆ.

“ನಿಲ್ಲೇ!” ಎಂದು ಅತ್ತೆಯ ದನಿ ಬಂತು. “ಅಲ್ಲೇ ನಿಂತ್ಕಳೇ! ಅವಳ ಕಾಲಿಂದ ಚೆಂಡು ದೂರ ಹೋಗೈತೆ! ಕೆರೆ ಕಡೆ! ಕೆರೆ ಕಡೆ!”

ಅರಸೀಕೆರೆಯ ಇಬ್ಬರು ಆಟಗಾರ್ತಿಯರು ಕೆರೆ ಎಲ್ಲಿದೆ ಎಂದು ತಿರುಗಿ ನೋಡಿದರು. ದಿನಾ ಬೆಳಿಗ್ಗೆ ಓಡುವಾಗ ಕೆರೆ ನನ್ನ ಬಲಕ್ಕಿರುತ್ತಿತ್ತು, ನಾನು ಆ ಕಡೆಗೆ ಕಾಲು ಚಾಚಿದೆ. ಚೆಂಡು ನನ್ನ ಶೂಗೆ ತಾಗಿ ಹೊರಗೆ ಹೋಯಿತು. ಆಮೇಲೆ ಇನ್ನೂ ಮೂರು ನಾಲ್ಕು ಸಲ ಹಾಗೇ ಆಯಿತು. ಒಂದು ಸಲ ಹುಡುಗಿಯೇ ನಿಂತು, “ಅಜ್ಜಿ, ನೀವು ನಮ್ ತಾಲ್ಲೂಕಿನೋರಂತೆ?” ಎಂದು ಕೇಳಿದಳು. ಅತ್ತೆ ಆಕಾಶ ನೋಡಿದರು.

ನಮ್ಮ ಗೋಲು ಬಂದದ್ದನ್ನು ಹೊಡೆದವರೇ ನೋಡಲಿಲ್ಲ. ನೋಂದಣಿ ಕಚೇರಿಯ ಕ್ಲರ್ಕ್ ತಟ್ಟನೆ ಹಾರಬೇಕಾದ ಜಾಗದಲ್ಲಿ ಎಂದಿನಂತೆ ನಿಂತು ಬಿಚ್ಚಿಹೋದ ಜಡೆ ಕಟ್ಟಿಕೊಳ್ಳುತ್ತಿದ್ದರು. ಗ್ರಾಮ ಲೆಕ್ಕಿಗರು ಕತ್ತು ತಿರುಗಿಸುತ್ತಲೇ ಒದ್ದ ಚೆಂಡು ಕ್ಲರ್ಕ್ ಅವರ ಹಿಂದಲೆಗೆ ಬಡಿದು ಗೋಲಿನೊಳಗೆ ಹೋಯಿತು. “ಯಾರ್ರೀ ಅದು ಹೊಡ್ದಿದ್ದು?” ಎಂದು ಅವರು ಜಗಳಕ್ಕೆ ತಿರುಗಿದರೆ, ನಾವೆಲ್ಲ ಹೋಗಿ ತಬ್ಬಿಕೊಂಡೆವು.

ಸಮಸಮವಾಗಿ ಪೆನಾಲ್ಟಿಗೆ ಬಂತು. ನಮ್ಮ ಸಿಸ್ಟರಿಗೆ ಮೆದೆಯ ಮೇಲೆ ಬಲಕ್ಕೆ ಬಿದ್ದು ಮಾತ್ರ ಅಭ್ಯಾಸ, ಎಡಕ್ಕೆ ಗೋಡೆಯಿತ್ತು. ಅವರು ಪ್ರತಿ ಸಲವೂ ಬಲಕ್ಕೇ ಬಿದ್ದರು. ಚೆಂಡು ಎಡಕ್ಕೆ ಹೋದಾಗಲೂ ಬಲಕ್ಕೇ ಬಿದ್ದರು. ಅವರು ಒಂದು ಗೋಲು ಹಿಂದಿದ್ದಾಗ ಕೊನೆಯ ಹೊಡೆತಕ್ಕೆ ಅರಣ್ಯದ ಹುಡುಗಿ ಬಂದಳು. ಇಷ್ಟು ಸಲ ಬಲಕ್ಕೆ ಬಿದ್ದವರು ಈ ಸಲ ಎಡಕ್ಕೆ ಬಿದ್ದೇ ಬೀಳುತ್ತಾರೆಂದು ಲೆಕ್ಕ ಹಾಕಿದ್ದಳಂತೆ, ಆಮೇಲೆ ಹೇಳಿದಳು. ಸಿಸ್ಟರ್ ಅವರ ಬಲಕ್ಕೇ ಒದ್ದಳು. ಚೆಂಡು ಸಿಸ್ಟರ್ ಹೊಟ್ಟೆಗೆ ಬಡಿದು ಅಲ್ಲೇ ಉಳಿಯಿತು. ನಾವು ಗೆದ್ದೆವು.

ಅತ್ತೆ ಮಾತು ಕೊಟ್ಟ ಹಾಗೆ ಚಪ್ಪಾಳೆ ತಟ್ಟಲಿಲ್ಲ. ನೆಟ್ಟಗೆ ಹೋಗಿ ಅಳುತ್ತಿದ್ದ ಆ ಹುಡುಗಿಯ ಬೆನ್ನು ಸವರಿದರು. “ಚೆಂದಾಗಿ ಆಡ್ದೆ ಕಣವ್ವ. ಏನ್ಮಾಡಕ್ಕಾಯ್ತದೆ, ನಮ್ಮೋಳು ಗೋಡೆ ಇದ್ದಂಗವ್ಳೆ.”

ನಾನು ಹಿಂದೆಯೇ ನಿಂತು ಶೂ ದಾರ ಬಿಚ್ಚುತ್ತಿದ್ದೆ. ಹದಿನಾಲ್ಕು ವರ್ಷದಲ್ಲಿ ಅವರ ಬಾಯಲ್ಲಿ ನನ್ನ ಬಗ್ಗೆ ಕೇಳಿದ ಮೊದಲ ಹೊಗಳಿಕೆ. ಅದನ್ನೂ ಎದುರಾಳಿಗೇ ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಹಾಸನದ ಜಿಲ್ಲಾ ಪಂದ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಲ್ಲಿಯ ತಂಡದಲ್ಲಿ ನಿಜವಾಗಿ ಫುಟ್ಬಾಲ್ ಆಡಿ ಬೆಳೆದವರಿದ್ದರು. ಏಳು ಗೋಲು ತಿಂದೆವು. ಎಂಟನೆಯದನ್ನು ನಾನು ತಡೆದೆ, ಮೂಗಿನಿಂದ.

ಸೋತವರಿಗೆ ಮೇಷ್ಟ್ರು ಹಾಸನದ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಇಡ್ಲಿ ಕೊಡಿಸಿದರು. ಮೂಗಿಗೆ ಹತ್ತಿಯಿಟ್ಟುಕೊಂಡು ನಾನೂ ತಿಂದೆ. ಹಾಸನಕ್ಕೂ ಬಂದಿದ್ದ ಅತ್ತೆ ಮೇಷ್ಟ್ರ ಎದುರು ಕೂತಿದ್ದರು. ಬಹಳ ಹೊತ್ತಿನಿಂದ ಏನೋ ಮನಸ್ಸಿನಲ್ಲಿದ್ದ ಹಾಗಿತ್ತು.

“ಮೇಷ್ಟ್ರೇ, ಎಲ್ರಿಗೂ ಒಂದೊಂದು ಜಾಗ ಕೊಟ್ರಲ್ಲ. ನಾನೇನಾರ ಆಡಿದ್ರೆ ನಂಗೆ ಯಾವ ಜಾಗ ಕೊಡ್ತಿದ್ರಿ?”

ಮೇಷ್ಟ್ರು ಲೋಟ ಕೆಳಗಿಟ್ಟರು. ಇಂಥ ಪ್ರಶ್ನೆಗಳಲ್ಲಿ ಅವರು ಎಂದೂ ಹಾಸ್ಯ ಮಾಡುವವರಲ್ಲ. ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, “ನಿಮಗೆ ರೆಫ್ರೀನೇ ಸರಿ ಅಮ್ಮ,” ಎಂದರು.

“ಅಂಗಂದ್ರೆ ಆ ಸೀಟಿ ಊದೋರಾ? ಅವರ ಓಟ ಎಂಗಿರ್ತದೆ?”

“ಎಲ್ರಿಗಿಂತ ಜಾಸ್ತಿ ಓಡ್ಬೇಕು. ಮುಂದಕ್ಕೂ ಓಡ್ಬೇಕು, ಹಿಂದಕ್ಕೂ ಓಡ್ಬೇಕು. ಎರಡೂ ಕಡೆಯೋರ ಕೈಲಿ ಬೈಸ್ಕೋಬೇಕು.”

ಅತ್ತೆ ತಟ್ಟೆಯಲ್ಲಿ ಉಳಿದಿದ್ದ ಚಟ್ನಿಯನ್ನು ಬೆರಳಲ್ಲಿ ಬಳಿದರು.

“ಬೈಯೋ ಕೆಲಸ ಆಗಿದ್ರೆ ನೋಡ್ಬೋದಿತ್ತು,” ಎಂದು ಇನ್ನೊಂದು ಇಡ್ಲಿ ತರಿಸಿಕೊಂಡರು.